ಸೀಟಿಯೋ, ಬಾವುಟವೋ? ಹೊಸ ರೆಫರಿಯ ಮೊದಲನೆಯ ಪ್ರಶ್ನೆ

ಹೊಟ್ಟೆಪಾಡಿಗಾಗಿ ಕೇರಳಕ್ಕೆ ಬಂದು ನೆಲಸಿದ ಕನ್ನಡಿಗನು ಇಲ್ಲಿಯ ಭಾಷೆಯನ್ನು ಕಲಿಯುವುದಕ್ಕೆ ಮೊದಲೇ ಇಲ್ಲಿಯ ಫುಟ್‌ಬಾಲ್ ಹುಚ್ಚನ್ನು ಹಚ್ಚಿಕೊಳ್ಳುತ್ತಾನೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿಗೆ ಒಲೆ ಹೊತ್ತುವುದರೊಳಗೆ ದೊರೆಯುವ ಎರಡು ಗಂಟೆಯ ಬಿಡುವಿನಲ್ಲಿ ಹೋಟೆಲಿನ ಹುಡುಗರು ಹತ್ತಿರದ ಬಯಲಿನತ್ತ ಓಡುವುದನ್ನೂ, ಪಟ್ಟಂ ಕಡೆಯ ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತರು ಐದು ಗಂಟೆಯಾದೊಡನೆ ಕಡತವನ್ನು ಕಟ್ಟಿಟ್ಟು ಚಂದ್ರಶೇಖರನ್ ನಾಯರ್ ಕ್ರೀಡಾಂಗಣದ ಕಡೆಗೆ ಬಸ್ಸು ಹತ್ತುವುದನ್ನೂ ನಾವು ಕಂಡಿದ್ದೇವೆ. ಕೊಚ್ಚಿಯಲ್ಲಿರುವವರಿಗೆ ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನ ಮೈದಾನವುಂಟು. ೧೯೭೩ರ ಡಿಸೆಂಬರಿನಲ್ಲಿ ನಾಯಕ ಮಣಿಯವರು ಮೂರು ಗೋಲುಗಳನ್ನು ಹೊಡೆದು, ರೈಲ್ವೇಸ್ ತಂಡವನ್ನು ೩–೨ರಿಂದ ಸೋಲಿಸಿ, ಕೇರಳಕ್ಕೆ ಮೊತ್ತಮೊದಲನೆಯ ಸಂತೋಷ್ ಟ್ರೋಫಿಯನ್ನು ಗಳಿಸಿಕೊಟ್ಟದ್ದು ಅಲ್ಲಿಯೇ.

ಆದರೆ ಆಡುವ ವಯಸ್ಸು ಬೇಗನೆ ಕಳೆದುಹೋಗುತ್ತದೆ. ಮೂವತ್ತು ದಾಟಿದವನನ್ನಾಗಲಿ, ಹೊತ್ತಿಗೆ ಸರಿಯಾಗಿ ಅಭ್ಯಾಸಕ್ಕೆ ಬರಲಾರದವನನ್ನಾಗಲಿ ತಂಡಗಳು ಸೇರಿಸಿಕೊಳ್ಳುವುದು ಅಪರೂಪ. ಅಂಥವನು ಗೆರೆಯ ಒಳಗೆ ಉಳಿಯಬೇಕಾದರೆ ತೆರೆದಿರುವ ಬಾಗಿಲು ರೆಫರಿಯ ಕೆಲಸ. ಹದಿನೇಳು ನಿಯಮಗಳನ್ನು ಓದಿ, ಪರೀಕ್ಷೆಯನ್ನು ಬರೆದು, ಓಟದಲ್ಲಿ ತೇರ್ಗಡೆಯಾದ ಮೇಲೆ ಅವನ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಸೀಟಿಯನ್ನು ಹಿಡಿದು ಮೈದಾನದ ನಡುವೆ ಓಡಬೇಕೆ, ಬಾವುಟವನ್ನು ಹಿಡಿದು ಗೆರೆಯ ಪಕ್ಕದಲ್ಲಿ ನಿಲ್ಲಬೇಕೆ? ಹೊಸಬರಲ್ಲಿ ಅನೇಕರು ಇದನ್ನು ಮಾನದ ಪ್ರಶ್ನೆಯೆಂದು ಎಣಿಸಿ ಸೀಟಿಗೆ ಕೈಚಾಚುತ್ತಾರೆ. ಇನ್ನು ಕೆಲವರು ಜನರ ಕೂಗಿಗೆ ಹೆದರಿ ಬಾವುಟದ ಮರೆಗೆ ಸರಿಯುತ್ತಾರೆ. ಎರಡೂ ತಪ್ಪು ದಾರಿಗಳೆಂಬುದೇ ಈ ಲೇಖನದ ತಾತ್ಪರ್ಯ.

ಸ್ಥಾನಗಳು ಹುಟ್ಟಿದ ಬಗೆ

ಈ ಆಟದ ಮೊದಲ ದಿನಗಳಲ್ಲಿ ರೆಫರಿಯು ಮೈದಾನದ ಒಳಗೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಒಂದೊಂದು ಪಕ್ಷವೂ ತನ್ನ ಕಡೆಯಿಂದ ಒಬ್ಬೊಬ್ಬ ಅಂಪೈರನನ್ನು ಕರೆತರುತ್ತಿತ್ತು. ಅವರಿಬ್ಬರಿಗೂ ಒಮ್ಮತ ಬಾರದಿದ್ದಾಗ ಮಾತ್ರ, ಹೊರಗಿದ್ದ ಮೂರನೆಯವನನ್ನು ಕೇಳುತ್ತಿದ್ದರು. ೧೮೯೧ರಲ್ಲಿ ಈ ವ್ಯವಸ್ಥೆಯು ತಲೆಕೆಳಗಾಯಿತು. ಹೊರಗಿದ್ದ ರೆಫರಿಯು ಒಳಕ್ಕೆ ಬಂದನು; ಒಳಗಿದ್ದ ಅಂಪೈರರು ಗೆರೆಯ ಆಚೆಗೆ ಹೋಗಿ ಲೈನ್ಸ್‌ಮನ್ನರಾದರು. ೧೯೯೬ರಲ್ಲಿ ಅವರ ಹೆಸರು ಸಹಾಯಕ ರೆಫರಿ ಎಂದು ಬದಲಾಯಿತು. ಬರಿಯ ಹೆಸರಲ್ಲ, ಗೌರವವೂ ಅದರೊಡನೆ ಏರಿತೆಂದು ಹೇಳಬಹುದು. ಬದಲಿ ಆಟಗಾರರನ್ನೂ ತಂಡಗಳ ಬೆಂಚುಗಳನ್ನೂ ನೋಡಿಕೊಳ್ಳುವ ನಾಲ್ಕನೆಯ ಅಧಿಕಾರಿಯ ಸ್ಥಾನವು ೧೯೯೧ರಲ್ಲಿ ನಿಯಮಕ್ಕೆ ಸೇರಿತು. ಪರದೆಯ ಮುಂದೆ ಕುಳಿತು ಚಿತ್ರವನ್ನು ಮರಳಿ ನೋಡುವ ಅಧಿಕಾರಿಯು ೨೦೧೮ರಲ್ಲಿ ನಿಯಮಪುಸ್ತಕವನ್ನು ಪ್ರವೇಶಿಸಿದನು. ಆತನ ಗೊಡವೆ ನಮ್ಮ ಹೊಸಬರಿಗೆ ಸದ್ಯಕ್ಕೆ ಬೇಡ.

ಮೂವರು ಒಂದೇ ಮೈದಾನವನ್ನು ಹಂಚಿಕೊಳ್ಳುವ ಬಗೆಯನ್ನು ರೂಢಿಗೆ ತಂದವರು ಸ್ಟ್ಯಾನ್ಲಿ ರೌಸ್ ಎಂಬ ಇಂಗ್ಲಿಷ್ ಉಪಾಧ್ಯಾಯರು. ೧೯೩೪ರ ಎಫ್. ಎ. ಕಪ್ ಅಂತಿಮ ಪಂದ್ಯವನ್ನು ನಡೆಸಿದ ಇವರು, ಮುಂದೆ ೧೯೬೧ರಿಂದ ೧೯೭೪ರವರೆಗೆ ಫೀಫಾ ಅಧ್ಯಕ್ಷರಾಗಿದ್ದರು. ರೆಫರಿಯು ಒಂದು ಮೂಲೆಯಿಂದ ಎದುರು ಮೂಲೆಗೆ, ಕರ್ಣರೇಖೆಯ ಮೇಲೆ ಓಡಾಡಬೇಕು. ಆತನ ಓಟಕ್ಕೆ ದೂರವಾಗಿ ಉಳಿಯುವ ಎರಡು ಮೂಲೆಗಳ ಕಡೆ ಒಬ್ಬೊಬ್ಬ ಸಹಾಯಕನು ಪಕ್ಕದ ಗೆರೆಯ ಅರ್ಧವನ್ನು ಕಾಯಬೇಕು. ಹೀಗೆ ನಿಂತಾಗ ಚೆಂಡು ಎಲ್ಲಿಯೇ ಇರಲಿ, ಅದು ರೆಫರಿ ಮತ್ತು ಒಬ್ಬ ಸಹಾಯಕನ ನಡುವೆ ಸಿಕ್ಕುತ್ತದೆ. ಒಬ್ಬನ ಬೆನ್ನ ಹಿಂದೆ ನಡೆದದ್ದು ಇನ್ನೊಬ್ಬನ ಮುಖದ ಮುಂದೆ ನಡೆದಿರುತ್ತದೆ. ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತವರಿಗೆ ಬಾಗಿಲು ಕಾಣುತ್ತದೆ, ಒಳಗಿನ ಮೇಜು ಕಾಣುವುದಿಲ್ಲ. ಒಳಗಿನ ಮೇಜಿನ ಮಾಣಿಗೆ ಬಾಗಿಲು ಕಾಣುವುದಿಲ್ಲ. ಇಬ್ಬರೂ ಸೇರಿದರೆ ಮಾತ್ರ ಬಿಲ್ಲು ಸರಿಹೋಗುತ್ತದೆ.

ಗುಮಾಸ್ತರಿಗೆ ಇನ್ನೊಂದು ಹೋಲಿಕೆಯು ಸುಲಭವಾಗಿ ತಿಳಿದೀತು. ಸಹಾಯಕನದು ಟಿಪ್ಪಣಿ ಬರೆಯುವ ಕೆಲಸ, ರೆಫರಿಯದು ರುಜು ಹಾಕುವ ಕೆಲಸ. ಬಾವುಟವು ಮೇಲೆದ್ದರೂ ಸೀಟಿ ಕೂಗುವ ತನಕ ಆಟವು ನಿಲ್ಲುವುದಿಲ್ಲ. ರೆಫರಿಯು ಬೇಡವೆಂದು ಕೈಬೀಸಿದರೆ ಬಾವುಟವನ್ನು ಇಳಿಸಬೇಕು. ಆದರೆ ಟಿಪ್ಪಣಿಯೇ ತಪ್ಪಾಗಿದ್ದರೆ ಎಂಥ ಅಧಿಕಾರಿಯ ರುಜುವೂ ತಪ್ಪಾಗುತ್ತದೆಂಬುದನ್ನು ನಮ್ಮ ಕಚೇರಿಯ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೆರೆಯ ಪಕ್ಕದ ಕಷ್ಟ

ಬಾವುಟದ ಕೆಲಸವು ಸುಲಭವೆಂದು ತಿಳಿದವರಲ್ಲಿ ಈ ಲೇಖಕನೂ ಒಬ್ಬನು. ಮೊದಲನೆಯ ಸಲ ಗೆರೆಯ ಪಕ್ಕದಲ್ಲಿ ನಿಂತದ್ದು ಶಾಲಾ ಬಾಲಕರ ಒಂದು ಪಂದ್ಯದಲ್ಲಿ. ನೋಡುವುದೇ ಕೆಲಸವೆಂದು ಚೆಂಡನ್ನೇ ನೋಡುತ್ತಿದ್ದೆನು. ನಡುಮೈದಾನದಿಂದ ಚೆಂಡು ಹಾರಿ ಬಂದಿತು. ನಾನು ತಲೆಯನ್ನು ತಿರುಗಿಸುವಷ್ಟರಲ್ಲಿ ಒಬ್ಬ ಹುಡುಗನು ಎಲ್ಲರಿಗಿಂತ ಮುಂದೆ ಇದ್ದನು. ಬಾವುಟವನ್ನು ಎತ್ತಿದೆನು. ಚೆಂಡನ್ನು ಒದ್ದ ಕ್ಷಣದಲ್ಲಿ ಆತನು ರಕ್ಷಕರ ಸಾಲಿನ ಹಿಂದೆಯೇ ಇದ್ದು, ಆಮೇಲೆ ಮುಂದಕ್ಕೆ ಓಡಿದನೆಂಬುದನ್ನು ಆಟ ಮುಗಿದ ಮೇಲೆ ರೆಫರಿಯವರು ಮೆಲ್ಲಗೆ ತಿಳಿಸಿದರು. ಅವರು ಬೈಯಲಿಲ್ಲ. ಆದರೆ ನನ್ನೆದುರು ಬಂದು ನಿಂತು, ಒಂದು ಮಾತನ್ನೂ ಆಡದೆ, ನನ್ನ ಮುಖವನ್ನೇ ನೋಡಿ ಹೊರಟುಹೋದ ಆ ಹುಡುಗನನ್ನು ನಾನು ಇಂದಿಗೂ ಮರೆತಿಲ್ಲ. ಆತನ ತಂಡವು ಒಂದು ಗೋಲಿನಿಂದ ಸೋತಿತ್ತು.

ಆಫ್‌ಸೈಡ್ ನಿಯಮದ ತಿರುಳು ಇಷ್ಟೇ: ಎದುರಾಳಿಗಳ ಅರ್ಧದಲ್ಲಿರುವ ಆಟಗಾರನು, ತನ್ನ ಕಡೆಯವನು ಚೆಂಡನ್ನು ಆಡಿದ ಕ್ಷಣದಲ್ಲಿ, ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಸಮೀಪದಲ್ಲಿದ್ದು, ಆಟದಲ್ಲಿ ಕೈಹಾಕಿದರೆ ತಪ್ಪು. ಸರಿಸಮನಾಗಿದ್ದರೆ ತಪ್ಪಲ್ಲವೆಂದು ೧೯೯೦ರಲ್ಲಿ ನಿಯಮವು ತಿದ್ದುಪಡಿಯಾಯಿತು. ಆದುದರಿಂದ ಸಹಾಯಕನು ಕೊನೆಯಿಂದ ಎರಡನೆಯ ರಕ್ಷಕನಿಗೆ ನೇರವಾಗಿ, ಅಥವಾ ಚೆಂಡು ಗೋಲಿಗೆ ಇನ್ನೂ ಸಮೀಪವಾಗಿದ್ದರೆ ಚೆಂಡಿಗೆ ನೇರವಾಗಿ, ಸದಾ ನಿಲ್ಲಬೇಕು. ಕಣ್ಣು ಸಾಲಿನ ಮೇಲಿರಬೇಕು. ಚೆಂಡನ್ನು ಒದ್ದ ಸಪ್ಪಳವನ್ನು ಕಿವಿಯಿಂದ ಹಿಡಿಯಬೇಕು. ಮಲಬಾರಿನ ಸೆವೆನ್ಸ್ ಆಟದಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ಇರುವುದಿಲ್ಲವಾದ್ದರಿಂದ, ಆ ಆಟವನ್ನು ನೋಡಿ ಬೆಳೆದವರಿಗೆ ಈ ಅಭ್ಯಾಸವು ಬರುವುದು ಇನ್ನೂ ತಡ.

೨೦೦೦ದಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ತಪ್ಪುಗಳ ಮೂಲವನ್ನು ವಿಚಾರಿಸಿದರು. ಸಹಾಯಕನು ರಕ್ಷಕನ ನೇರಕ್ಕೆ ನಿಲ್ಲದೆ ಸ್ವಲ್ಪ ಮುಂದಾದರೂ ಹಿಂದಾದರೂ ನೋಟದ ಕೋನವು ಬದಲಾಗಿ, ಇಲ್ಲದ ಆಫ್‌ಸೈಡ್ ಇರುವಂತೆಯೂ ಇರುವುದು ಇಲ್ಲದಂತೆಯೂ ಕಾಣುತ್ತದೆಂದು ಅವರು ತೋರಿಸಿದರು. ಪ್ರೇಕ್ಷಕರು ಪಕ್ಷಪಾತವೆಂದು ಕೂಗುವ ಎಷ್ಟೋ ತಪ್ಪುಗಳು ಒಂದೆರಡು ಹೆಜ್ಜೆಯ ತಪ್ಪುಗಳೆಂದು ಇದರಿಂದ ಅರ್ಥವಾಗುತ್ತದೆ. ಪ್ರಾಮಾಣಿಕತೆಯು ಬೇಕೇ ಬೇಕು. ಆದರೆ ಪ್ರಾಮಾಣಿಕನು ಸರಿಯಾದ ಜಾಗದಲ್ಲಿ ನಿಂತಿರಬೇಕು.

ಗೆರೆಯ ಪಕ್ಕದವನ ತೂಕವೆಷ್ಟೆಂಬುದಕ್ಕೆ ೧೯೬೬ರ ವಿಶ್ವಕಪ್ಪಿನ ಅಂತಿಮ ಪಂದ್ಯವೇ ಸಾಕ್ಷಿ. ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಪಶ್ಚಿಮ ಜರ್ಮನಿಗೂ ಆಟವು ೨–೨ರಲ್ಲಿ ಸಮನಾಗಿ, ಹೆಚ್ಚುವರಿ ವೇಳೆಯು ನಡೆಯುತ್ತಿದ್ದಾಗ ಜೆಫ್ ಹರ್ಸ್ಟ್ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಗೆರೆಯ ಬಳಿ ನೆಲಕ್ಕೆ ಬಿದ್ದು ಪುಟಿಯಿತು. ಸ್ವಿಟ್ಜರ್ಲೆಂಡಿನ ರೆಫರಿ ಗಾಟ್‌ಫ್ರೀಡ್ ಡೀನ್‌ಸ್ಟ್ ನಿರ್ಧರಿಸಲಾರದೆ ಗೆರೆಯ ಬಳಿಗೆ ನಡೆದರು. ಅಲ್ಲಿ ನಿಂತಿದ್ದ ಅಜರ್‌ಬೈಜಾನಿನ ತೋಫಿಕ್ ಬಹ್ರಾಮೋವ್ ಗೋಲೆಂದು ತಿಳಿಸಿದರು. ಇಂಗ್ಲೆಂಡು ೪–೨ರಿಂದ ಗೆದ್ದಿತು. ಆ ಗೋಲಿನ ಚರ್ಚೆಯು ಇನ್ನೂ ಮುಗಿದಿಲ್ಲ. ಆದರೆ ವಿಶ್ವಕಪ್ಪಿನ ತೀರ್ಪು ಒಂದು ಗಳಿಗೆ ಬಾವುಟ ಹಿಡಿದವನ ಕೈಯಲ್ಲಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆರಿಸಿಕೊಳ್ಳುವ ಬಗೆ

ಹಾಗಾದರೆ ಹೊಸಬನು ಏನು ಮಾಡತಕ್ಕದ್ದು? ಮೊದಲನೆಯದಾಗಿ, ಮೊದಲ ವರ್ಷದಲ್ಲಿ ಆರಿಸುವುದೇ ಬೇಡ. ಯಾವ ಕೆಲಸವನ್ನು ಒಪ್ಪಿಸಿದರೂ ಮಾಡಬೇಕು. ಸೀಟಿಯನ್ನು ಹಿಡಿದವನಿಗೆ ಬಾವುಟದ ಕಷ್ಟವು ತಿಳಿದಿರಬೇಕು. ಬಾವುಟ ಹಿಡಿದವನಿಗೆ ರೆಫರಿಯು ಯಾವ ಗಳಿಗೆಯಲ್ಲಿ ತನ್ನ ಕಡೆ ನೋಡುವನೆಂಬುದು ತಿಳಿದಿರಬೇಕು. ಮಕ್ಕಳ ಪಂದ್ಯಗಳಲ್ಲಿ ಸೀಟಿಯನ್ನು, ದೊಡ್ಡವರ ಪಂದ್ಯಗಳಲ್ಲಿ ಅನುಭವಸ್ಥರ ಜೊತೆ ಬಾವುಟವನ್ನು ಹಿಡಿಯುವುದು ಒಳ್ಳೆಯ ಕ್ರಮ.

ಎರಡನೆಯದಾಗಿ, ತನ್ನ ಕಾಲನ್ನು ತಾನೇ ಅಳೆದುಕೊಳ್ಳಬೇಕು. ಮೇಲುಮಟ್ಟದ ಪಂದ್ಯದಲ್ಲಿ ರೆಫರಿಯು ಹತ್ತರಿಂದ ಹನ್ನೆರಡು ಕಿಲೋಮೀಟರು ಓಡಬೇಕಾಗುತ್ತದೆ. ಅಂತರರಾಷ್ಟ್ರೀಯ ರೆಫರಿಯ ಪರೀಕ್ಷೆಯಲ್ಲಿ ೭೫ ಮೀಟರು ಓಟ, ೨೫ ಮೀಟರು ನಡಿಗೆ, ಹೀಗೆ ನಲವತ್ತು ಸಲ, ಒಟ್ಟು ೪೦೦೦ ಮೀಟರು ಮುಗಿಸಬೇಕು. ಸಹಾಯಕನ ಓಟವು ದೂರದಲ್ಲಿ ಕಡಿಮೆ, ಆದರೆ ಬಗೆ ಬೇರೆ: ಮುಖವನ್ನು ಮೈದಾನಕ್ಕೆ ತಿರುಗಿಸಿಕೊಂಡೇ ಅಡ್ಡಡ್ಡ ಸರಿಯುವುದು, ನಿಂತಲ್ಲಿಂದ ಥಟ್ಟನೆ ಓಡುವುದು, ಓಡಿದಲ್ಲಿ ಥಟ್ಟನೆ ನಿಲ್ಲುವುದು. ಬೆಳಿಗ್ಗೆ ನಾಲ್ಕಕ್ಕೆದ್ದು ದಿನವಿಡೀ ನಿಂತು ದುಡಿಯುವ ಹೋಟೆಲು ಕೆಲಸಗಾರನಿಗೆ ದೂರದ ಓಟವನ್ನು ಅಭ್ಯಾಸ ಮಾಡಲು ವೇಳೆಯಿಲ್ಲದಿದ್ದರೆ ಅದರಲ್ಲಿ ಅವಮಾನವೇನೂ ಇಲ್ಲ. ಕಿಕ್ಕಿರಿದ ಹಾಲಿನಲ್ಲಿ ನಾಲ್ಕು ತಟ್ಟೆಗಳನ್ನು ಹಿಡಿದು ಯಾರಿಗೂ ತಾಗದೆ ತಿರುಗುವ ಕಾಲುಗಳು ಗೆರೆಯ ಪಕ್ಕದಲ್ಲಿ ಚೆನ್ನಾಗಿ ಕೆಲಸ ಮಾಡಬಲ್ಲವು.

ಮೂರನೆಯದು ಸ್ವಭಾವ. ಒಂದೇ ಸಾಲನ್ನು ತೊಂಬತ್ತು ನಿಮಿಷ ಕಣ್ಣು ಕದಲಿಸದೆ ನೋಡುವ ತಾಳ್ಮೆ, ತನ್ನ ಮಾತನ್ನು ಮೇಲಿನವನು ತಳ್ಳಿಹಾಕಿದರೂ ಮುಖ ಸಿಂಡರಿಸದೆ ಮುಂದಿನ ಚೆಂಡಿಗೆ ಸಿದ್ಧನಾಗುವ ಗುಣ ಬಾವುಟದವನಿಗೆ ಬೇಕು. ಇಪ್ಪತ್ತೆರಡು ಮಂದಿಯ ಸಿಟ್ಟನ್ನು ಎದುರಿಸಿ ಅರೆಕ್ಷಣದಲ್ಲಿ ನಿರ್ಧರಿಸಿ, ನಿರ್ಧರಿಸಿದ್ದನ್ನು ಮನಸ್ಸಿನಲ್ಲಿ ಮೆಲುಕು ಹಾಕದಿರುವ ಗಟ್ಟಿತನ ಸೀಟಿಯವನಿಗೆ ಬೇಕು. ಯಾವುದು ತನ್ನಲ್ಲಿದೆಯೆಂಬುದು ಕನ್ನಡಿಯ ಮುಂದೆ ತಿಳಿಯುವುದಿಲ್ಲ. ಹತ್ತಾರು ಪಂದ್ಯಗಳಲ್ಲಿ ನಿಂತ ಮೇಲೆ ತಿಳಿಯುತ್ತದೆ.

ಬಾವುಟದಿಂದ ಮೇಲೇರಲಾಗದೆಂಬ ಶಂಕೆಯನ್ನೂ ಬಿಡತಕ್ಕದ್ದು. ಫೀಫಾ ಸಂಸ್ಥೆಯು ರೆಫರಿಗಳಿಗೂ ಸಹಾಯಕರಿಗೂ ಬೇರೆ ಬೇರೆ ಪಟ್ಟಿಗಳನ್ನಿಟ್ಟಿದೆ. ೨೦೦೨ರಲ್ಲಿ ಕೊರಿಯಾ ಮತ್ತು ಜಪಾನುಗಳಲ್ಲಿ ನಡೆದ ವಿಶ್ವಕಪ್ಪಿಗೆ ಭಾರತದಿಂದ ಹೋದ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಸಹಾಯಕ ರೆಫರಿಯಾಗಿಯೇ ಹೋದವರು. ೨೦೧೬ರಲ್ಲಿ ಜೋರ್ಡಾನಿನಲ್ಲಿ ನಡೆದ ಹದಿನೇಳು ವರ್ಷದೊಳಗಿನ ಬಾಲಿಕೆಯರ ವಿಶ್ವಕಪ್ಪಿನಲ್ಲಿ ಗೋವೆಯ ಉವೆನಾ ಫರ್ನಾಂಡಿಸ್ ಅವರೂ ಹಿಡಿದದ್ದು ಬಾವುಟವನ್ನೇ. ಸೀಟಿಯ ದಾರಿಯೂ ದೊಡ್ಡ ಸಂಬಳದವರಿಗೆ ಮೀಸಲಾಗಿಲ್ಲ. ಕೋಟ್ಟಯಂನ ಎಂ. ಬಿ. ಸಂತೋಷ್ ಕುಮಾರ್ ಅವರು ಆಟೋರಿಕ್ಷಾ ಓಡಿಸಿ ಜೀವನ ಸಾಗಿಸುತ್ತಲೇ ಇಂಡಿಯನ್ ಸೂಪರ್ ಲೀಗಿನ ಪಂದ್ಯಗಳನ್ನು ನಡೆಸುವ ಮಟ್ಟಕ್ಕೇರಿದರು.

ಪರಸ್ಥಳದವನ ಪಾಡು

ಕೊನೆಯದಾಗಿ, ನಮ್ಮವರನ್ನು ಹಿಂಜರಿಸುವ ಒಂದು ವಿಚಾರವುಂಟು. ‘ನಾವು ಪರಸ್ಥಳದವರು, ಮಲಯಾಳವೂ ನೆಟ್ಟಗೆ ಬಾರದು, ನಮ್ಮ ತೀರ್ಪನ್ನು ಇಲ್ಲಿಯವರು ಒಪ್ಪುವರೇ?’ ಎಂಬುದು ಆ ಶಂಕೆ. ಇದಕ್ಕೂ ೧೯೬೬ರಲ್ಲಿಯೇ ಉತ್ತರವು ಹುಟ್ಟಿತು. ಆ ವಿಶ್ವಕಪ್ಪಿನ ಇಂಗ್ಲೆಂಡ್–ಅರ್ಜೆಂಟೀನ ಪಂದ್ಯದಲ್ಲಿ ಜರ್ಮನ್ ರೆಫರಿಯು ಅರ್ಜೆಂಟೀನದ ನಾಯಕ ರಾಟ್ಟಿನ್ ಅವರನ್ನು ಹೊರಗೆ ಕಳುಹಿಸಿದಾಗ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ದೊಡ್ಡ ಗೊಂದಲವಾಯಿತು. ರೆಫರಿಗಳ ಮೇಲ್ವಿಚಾರಕರಾಗಿದ್ದ ಕೆನ್ ಆಸ್ಟನ್ ಅವರು ಕಾರಿನಲ್ಲಿ ಮನೆಗೆ ಮರಳುವಾಗ ರಸ್ತೆಯ ದೀಪಗಳನ್ನು ಕಂಡು, ಹಳದಿ ಮತ್ತು ಕೆಂಪು ಚೀಟಿಗಳ ಉಪಾಯವನ್ನು ಯೋಚಿಸಿದರು. ೧೯೭೦ರ ಮೆಕ್ಸಿಕೋ ವಿಶ್ವಕಪ್ಪಿನಿಂದ ಅವು ಬಳಕೆಗೆ ಬಂದವು. ಸೀಟಿ, ಬಾವುಟ, ಚೀಟಿ, ಇವುಗಳಿಗೆ ಮಾತೃಭಾಷೆಯಿಲ್ಲ. ಕೈಯನ್ನು ಸರಿಯಾಗಿ ಎತ್ತಿದವನ ಮಾತು ಪಟ್ಟಂನಲ್ಲಿಯೂ ತಿಳಿಯುತ್ತದೆ, ಉಡುಪಿಯಲ್ಲಿಯೂ ತಿಳಿಯುತ್ತದೆ.

೨೦೨೨ರ ಏಪ್ರಿಲಿನಲ್ಲಿ ಮಂಜೇರಿಯಲ್ಲಿ ನಡೆದ ಸಂತೋಷ್ ಟ್ರೋಫಿಯ ಉಪಾಂತ್ಯದಲ್ಲಿ ಕೇರಳವು ಕರ್ನಾಟಕವನ್ನು ೭–೩ರಿಂದ ಸೋಲಿಸಿತು. ಮರುವರ್ಷ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು ಮಣಿಸಿ ಅದೇ ಟ್ರೋಫಿಯನ್ನು ಗೆದ್ದಿತು. ಈ ಎರಡು ದಿನಗಳಲ್ಲಿಯೂ ನಮ್ಮ ಮನಸ್ಸುಗಳು ಎರಡು ಕಡೆಗೆ ಎಳೆದದ್ದು ನಿಜ. ಊರು ಅಲ್ಲಿ, ಅನ್ನ ಇಲ್ಲಿ ಎಂಬ ಸ್ಥಿತಿಯಲ್ಲಿ ಬಾಳುವವನಿಗೆ ಎರಡು ಪಕ್ಷಗಳನ್ನೂ ಒಂದೇ ಕಣ್ಣಿನಿಂದ ನೋಡುವ ಅಭ್ಯಾಸವು ತಾನಾಗಿಯೇ ಬಂದಿರುತ್ತದೆ. ರೆಫರಿಯ ಕೆಲಸಕ್ಕೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೊಂದಿಲ್ಲ.

ಆದ್ದರಿಂದ, ಪರೀಕ್ಷೆಯಲ್ಲಿ ತೇರ್ಗಡೆಯಾದ ಸಹೋದರರು ಸೀಟಿಯು ದೊಡ್ಡದೋ ಬಾವುಟವು ದೊಡ್ಡದೋ ಎಂದು ತಲೆ ಕೆಡಿಸಿಕೊಳ್ಳದಿರಲಿ. ಎಲ್ಲಿ ನಿಂತರೆ ತನಗೆ ಸರಿಯಾಗಿ ಕಾಣುತ್ತದೆಯೋ ಅದೇ ಆತನ ಸ್ಥಾನ. ಸರಿಯಾಗಿ ಕಂಡ ತೀರ್ಪಿನಿಂದ ಸೋತ ಹುಡುಗನು ಮರುದಿನ ಮತ್ತೆ ಆಡಲು ಬರುತ್ತಾನೆ. ಕಾಣದೆ ಕೊಟ್ಟ ತೀರ್ಪಿನಿಂದ ಸೋತವನು ಬರುವನೋ ಇಲ್ಲವೋ, ಯಾರು ಬಲ್ಲರು?