ಸಂಜೆ ಏಳರ ಭೋಂಗಾ



ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಅಂತ ಒಂದು ಹಳ್ಳಿ ಇದೆ. 2022ರ ಆಗಸ್ಟ್‌ನಲ್ಲಿ ಆ ಊರಿನವರು ಒಂದು ನಿರ್ಧಾರ ಮಾಡಿದರು. ಸಂಜೆ 7ಕ್ಕೆ ಗುಡಿಯ ಭೋಂಗಾ ಕೂಗಿದ ಕೂಡಲೇ ಎಲ್ಲರ ಮನೆಯಲ್ಲೂ ಟಿ.ವಿ., ಮೊಬೈಲ್ ಬಂದ್. 8.30ಕ್ಕೆ ಮತ್ತೆ ಕೂಗಿದ ಮೇಲೆ ಚಾಲೂ. ಆ ಒಂದೂವರೆ ತಾಸು ಮಕ್ಕಳಿಗೆ ಓದು, ದೊಡ್ಡವರಿಗೆ ಮಾತುಕತೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಂತ ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆ ಶುರುವಾದರೂ ಕೈಬಿಡಲಿಲ್ಲ. ಅದಕ್ಕೇ ಈ ಉಪಾಯ. 2024ರ ಕೊನೆಗೆ ಬೆಳಗಾವಿ ಹತ್ತಿರದ ಹಲಗಾ ಗ್ರಾಮದಲ್ಲೂ ಇಂಥದ್ದೇ ಸೈರನ್ ಕೂಗಿತು.

ಅಂಗೈಯಷ್ಟು ಪೆಟ್ಟಿಗೆಯನ್ನು ಬಂದ್ ಮಾಡಲು ಇಡೀ ಊರೇ ಸೇರಬೇಕಾಯಿತು ಅಂದರೆ, ಅದರಲ್ಲಿ ಅಂಥಾದ್ದು ಏನಿದೆ?

ಮುಂದಿನದು ಏನಿರಬಹುದು?

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದರು. ಗುಂಡಿ ಒತ್ತಿದರೆ ಕಾಳು. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದಂತೆ ಕಾಳು ಕೊಟ್ಟಾಗ ಪಕ್ಷಿಗಳು ಒತ್ತುತ್ತಲೇ ಇದ್ದವು. ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡಲಿಲ್ಲ! ರೀಲ್ಸ್ ನೋಡುವಾಗ ನಮ್ಮ ಹೆಬ್ಬೆರಳು ಮಾಡುವುದೂ ಇದನ್ನೇ. ಒಂದು ಸಪ್ಪೆ, ಎರಡು ಸಪ್ಪೆ, ಮೂರನೆಯದು ಭಾರಿ ಮಜಾ. ಇಂಥ ಅನಿರೀಕ್ಷಿತ ಮಜಾ ಸಿಕ್ಕಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, "ಇನ್ನೊಂದು ನೋಡು" ಅನ್ನುತ್ತದೆ. "ಸಾಕು" ಅನ್ನಬೇಕಾದದ್ದು ಹಣೆಯ ಹಿಂದಿನ ಮಿದುಳಿನ ಭಾಗ. ಅದು ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ನಿಮ್ಮದು ಇನ್ನೂ ಹಾಲ್ಗಾಳು, ನಮ್ಮ ಮಾಲದಂಡಿ ಜೋಳದ ಸೀತನಿ ಇದ್ದಂಗೆ.

ರಾತ್ರಿ ಹಗಲಾದರೆ

ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸುರಿಸಿ, ಮಲಗುವ ಹೊತ್ತಾಯಿತು ಅಂತ ದೇಹಕ್ಕೆ ತಿಳಿಸುತ್ತದೆ. ಪರದೆಯ ನೀಲಿ ಬೆಳಕು ಕಣ್ಣಿಗೆ ಬಿದ್ದರೆ ಈ ಕೆಲಸ ತಡವಾಗುತ್ತದೆ. ಬೆಳಕಿಗಿಂತಲೂ, ಮನಸ್ಸನ್ನು ಕೆರಳಿಸುವ ಆಟ, ಜಗಳ, ಕಮೆಂಟುಗಳೇ ಹೆಚ್ಚು ಎಚ್ಚರ ಇಡಬಹುದು. ನಿಮ್ಮ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು. ಅದು ಕಡಿಮೆಯಾದರೆ ಸಿಟ್ಟು, ಬೇಸರ, ಮರೆವು ಹೆಚ್ಚುತ್ತವೆ.

ಒಮ್ಮೆ ಮೊದಲನೇ ತಾಸಿನಲ್ಲೇ ತೂಕಡಿಸುತ್ತಿದ್ದ ಹುಡುಗನಿಗೆ ನಾನು ಎಲ್ಲರ ಎದುರು ಬೈದೆ. ರಾತ್ರಿ ಒಂದರವರೆಗೆ ಮೊಬೈಲ್ ನೋಡಿದ್ದನಂತೆ. ಅಂದೇ ರಾತ್ರಿ ನನ್ನ ಕೈಯಲ್ಲೂ ಮೊಬೈಲ್ ಇತ್ತು, ಗಡಿಯಾರ ನೋಡಿದರೆ ಪಾವುಕಮ್ಮಿ ಹನ್ನೆರಡು! ಮರುದಿನ ಅವನ ಹತ್ತಿರ ಹೋಗಿ, "ನನ್ನದೂ ಅದೇ ಹಣೆಬರಹ ನೋಡಪ್ಪಾ" ಅಂದೆ. ಅವನು ನಕ್ಕ. ಆಮೇಲೇ ನಾವಿಬ್ಬರೂ ಸರಿಯಾಗಿ ಮಾತಾಡಿದ್ದು.

ಹಾಗಾದರೆ ಮೊಬೈಲ್ ವಿಷವೇ?

ಅಲ್ಲ. ಗ್ರಹಣದ ವಿಡಿಯೋ ತೋರಿಸುವುದೂ, ದೂರದ ಅಕ್ಕನ ಮುಖ ತೋರಿಸುವುದೂ ಅದೇ. ಇನ್ನೊಂದು ಮಾತು: ಹೆಚ್ಚು ಮೊಬೈಲ್ ನೋಡುವವರಲ್ಲಿ ಬೇಸರ ಹೆಚ್ಚು ಕಂಡರೆ, ಮೊಬೈಲಿನಿಂದಲೇ ಬೇಸರ ಬಂತು ಅಂತ ಹೇಳಲಾಗದು. ಬೇಸರವಾದವರೇ ಮೊಬೈಲ್ ಹಿಡಿದಿರಬಹುದು. ಎರಡೂ ಒಂದನ್ನೊಂದು ಬೆಳೆಸಲೂಬಹುದು. ಆದರೆ ಆಟದ ಚಟ ಊಟ, ಓದು, ಗೆಳೆತನ ಎಲ್ಲವನ್ನೂ ನುಂಗಿದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಅದನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಾಗಿಯೇ 'ಶಟ್' ಎಂಬ ಚಿಕಿತ್ಸಾಲಯ ಇದೆ.

ಮಾಡಿ ನೋಡಿ

ವಹಿಯಲ್ಲಿ ಎರಡು ಕಾಲಂ ಹಾಕಿರಿ: ರಾತ್ರಿ ಪರದೆ ಬಂದ್ ಮಾಡಿದ ಸಮಯ, ಮುಂಜಾನೆಯ ಉತ್ಸಾಹಕ್ಕೆ 1ರಿಂದ 5ರೊಳಗೆ ಅಂಕ. ಮೊದಲ 7 ದಿನ ಎಂದಿನಂತೆ ಇರಿ. ಮುಂದಿನ 7 ದಿನ ಮಲಗುವ ಒಂದು ತಾಸು ಮೊದಲೇ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಅಪ್ಪ ಅವ್ವನನ್ನೂ ಸೇರಿಸಿಕೊಳ್ಳಿ, ನಿಯಮ ಎಲ್ಲರಿಗೂ ಒಂದೇ! ಇಡೀ ವರ್ಗದ ಸರಾಸರಿ ತೆಗೆದು ಆಲೇಖ ಬರೆಯಿರಿ. ಫಲಿತಾಂಶ ಏನೇ ಬರಲಿ, ಬಂದದ್ದನ್ನೇ ಬರೆಯಿರಿ. ಅದೇ ವಿಜ್ಞಾನ.

ಮನಸ್ಸು ಬಹಳ ಭಾರವಾದರೆ ಮುಚ್ಚಿಡಬೇಡಿ. ನಿಮ್ಮ ಗುರುಗಳಿಗೆ ಹೇಳಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಇದು ಸರಕಾರದ ಟೆಲಿ-ಮಾನಸ್ ಸಹಾಯವಾಣಿ, ಹಣ ಬೇಕಿಲ್ಲ. ಮೊಬೈಲಿನ ಒಳ್ಳೆಯ ಉಪಯೋಗಗಳಲ್ಲಿ ಇದೂ ಒಂದು.