ವಿದ್ಯುತ್ ಕಾರು: ಯಾರಿಗೆ ಲಾಭ, ಯಾರಿಗೆ ಹೊರೆ

ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಸೀಸ ಮತ್ತು ಆಮ್ಲದ ಭಾರವಾದ ಬ್ಯಾಟರಿ. ಇಂದಿನ ವಿದ್ಯುತ್ ಕಾರುಗಳು ಹಗುರವಾದ ಲಿಥಿಯಂ-ಅಯಾನ್ ಬ್ಯಾಟರಿಯಿಂದಾಗಿ ಹೆಚ್ಚು ದೂರ ಓಡುತ್ತವೆಯಾದರೂ, ಅವುಗಳ ಬೆಲೆಯಲ್ಲಿ ದೊಡ್ಡ ಪಾಲು ಆ ಬ್ಯಾಟರಿಯದೇ ಆಗಿದೆ. ವಿದ್ಯುತ್ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2019ರಲ್ಲಿ ಶೇ. 12ರಿಂದ ಶೇ. 5ಕ್ಕೆ ಇಳಿಸಿದ ಮೇಲೂ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರು ಸಾಮಾನ್ಯವಾಗಿ ದುಬಾರಿಯೇ.

ಈ ಹೆಚ್ಚುವರಿ ಹಣ ಮರಳುವುದು ಓಟದಿಂದ. ಬ್ಯಾಟರಿಯ ಸಾಮರ್ಥ್ಯವನ್ನು ಅಳೆಯುವ ಕಿಲೋವ್ಯಾಟ್ ಅವರ್ ಎಂಬುದು ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಯೂನಿಟ್ಟೇ ಆಗಿದ್ದು, ಸಣ್ಣ ಕಾರೊಂದು ಅಂತಹ ಒಂದು ಯೂನಿಟ್ಟಿನಲ್ಲಿ ಸುಮಾರು 7 ಕಿ.ಮೀ. ಓಡುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ ತಗಲುವುದು 1 ರೂಪಾಯಿ, ಆದರೆ 100 ರೂಪಾಯಿಯ ಒಂದು ಲೀಟರ್ ಪೆಟ್ರೋಲಿನಲ್ಲಿ 16 ಕಿ.ಮೀ. ಓಡುವ ಕಾರಿಗೆ ಅದು 6 ರೂಪಾಯಿ ದಾಟುತ್ತದೆ. ಬೆಲೆಯ ಅಂತರ 3 ಲಕ್ಷ ಎಂದಿಟ್ಟುಕೊಂಡರೆ ಸುಮಾರು 60,000 ಕಿ.ಮೀ. ಓಡಿಸಿದ ಮೇಲೆಯೇ ಲೆಕ್ಕ ಸರಿಹೋಗುವುದರಿಂದ, ದಿನವೂ 40 ಕಿ.ಮೀ. ಓಡಾಡುವವರಿಗೆ ನಾಲ್ಕೈದು ವರ್ಷ ಸಾಕು. ಹಬ್ಬಕ್ಕೆ ಊರಿಗೆ ಹೋಗಿಬರಲಷ್ಟೇ ಕಾರು ತೆಗೆಯುವವರಿಗೆ ಆ ಹಣ ಮರಳುವ ಹೊತ್ತಿಗೆ ಹಲವು ಕಂಪನಿಗಳು ಬ್ಯಾಟರಿಗೆ ಕೊಡುವ 8 ವರ್ಷದ ವಾರಂಟಿಯೇ ಮುಗಿದಿರುತ್ತದೆ.

ಬೆಲೆಗಿಂತ ದೊಡ್ಡ ತೊಡಕು ಜಾಗದ್ದು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ರಾತ್ರಿ ಸಿಕ್ಕಿಸಿದರೆ ಸಣ್ಣ ಕಾರಿನ ಬ್ಯಾಟರಿ ಬೆಳಗಿನ ವೇಳೆಗೆ ಬಹುಮಟ್ಟಿಗೆ ತುಂಬುತ್ತದೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಬಾಡಿಗೆದಾರರಿಗೆ ಈ ಅನುಕೂಲವಿಲ್ಲ, ಅವರು ನೆಚ್ಚಬೇಕಾದ ಸಾರ್ವಜನಿಕ ಫಾಸ್ಟ್ ಚಾರ್ಜರ್‌ಗಳ ದರವೋ ಮನೆಯ ದರಕ್ಕಿಂತ ಬಹಳ ಹೆಚ್ಚು. ಸ್ವಂತ ಪಾರ್ಕಿಂಗ್ ಜಾಗವೂ ನಿತ್ಯದ ಓಡಾಟವೂ ಇಲ್ಲದವರಿಗೆ ಸದ್ಯಕ್ಕೆ ಪೆಟ್ರೋಲ್ ಕಾರೇ ಅಗ್ಗ.