ಸವಾಲ್-ಜವಾಬ್ (ಸಂಗೀತ)

ಸವಾಲ್-ಜವಾಬ್ ಎಂಬುದು ಇಬ್ಬರು ಅಥವಾ ಅದಕ್ಕಿಂತ ಹೆಚ್ಚಿನ ಕಲಾವಿದರು ಕೇಳುಗರ ಎದುರಿನಲ್ಲಿಯೇ ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿ ನಡೆಸುವ ಆಶುಸಂಗೀತದ ಕ್ರಮ. ಒಬ್ಬರು ಹಾಡಿದ ಅಥವಾ ನುಡಿಸಿದ ಭಾಗಕ್ಕೆ ಮತ್ತೊಬ್ಬರು ಅದೇ ಧಾಟಿ ಹಾಗೂ ಅದೇ ತಾಳದಲ್ಲಿ ಆ ಕ್ಷಣದಲ್ಲಿಯೇ ಉತ್ತರಿಸುತ್ತಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೊದಲಾದ ಊರುಗಳನ್ನೊಳಗೊಂಡ ಸೀಮೆಯಲ್ಲಿ ಇದು ಲಾವಣಿ, ಗೀಗೀಪದ ಹಾಗೂ ಡೊಳ್ಳಿನ ಪದಗಳ ಮೂಲಕ ಜನಸಾಮಾನ್ಯರಿಗೆ ಪರಿಚಿತವಾಗಿದೆ. ಹಿಂದುಸ್ತಾನಿ ಸಂಗೀತದ ಜುಗಲ್‌ಬಂದಿ, ಕರ್ನಾಟಕ ಸಂಗೀತದ ತನಿ ಆವರ್ತನ, ಪಾಶ್ಚಾತ್ಯ ಜಾಝ್ ಮತ್ತು ರಾಕ್ ಸಂಗೀತಗಳಲ್ಲಿಯೂ ಇದೇ ತತ್ತ್ವ ಬೇರೆ ಬೇರೆ ಹೆಸರುಗಳಲ್ಲಿ ಕಂಡುಬರುತ್ತದೆ. ಈ ಎಲ್ಲ ಪ್ರಕಾರಗಳಲ್ಲಿಯೂ ರಸಿಕರ ತಿಳಿವಳಿಕೆ ಮತ್ತು ಪ್ರತಿಕ್ರಿಯೆ ಪ್ರದರ್ಶನದ ಅವಿಭಾಜ್ಯ ಅಂಗವಾಗಿರುತ್ತದೆ.

ಪದದ ಅರ್ಥ

'ಸವಾಲ್' ಮತ್ತು 'ಜವಾಬ್' ಎಂಬ ಪದಗಳು ಅರಬ್ಬಿ ಮೂಲದವು. ಕ್ರಮವಾಗಿ ಪ್ರಶ್ನೆ ಮತ್ತು ಉತ್ತರ ಎಂಬ ಅರ್ಥವನ್ನು ಕೊಡುತ್ತವೆ. ಕನ್ನಡದಲ್ಲಿ 'ಸವಾಲು' ಎಂಬುದಕ್ಕೆ ಪಂಥಾಹ್ವಾನ ಎಂಬ ಅರ್ಥವೂ ಬೆಳೆದಿದೆ. ಸಂಗೀತದಲ್ಲಿ ಈ ಎರಡೂ ಅರ್ಥಗಳು ಸೇರಿಕೊಂಡಿವೆ: ಕೇಳಿದ್ದು ಪ್ರಶ್ನೆಯೂ ಹೌದು, ಎದುರಾಳಿಯ ಸಾಮರ್ಥ್ಯಕ್ಕೆ ಒಡ್ಡಿದ ಪರೀಕ್ಷೆಯೂ ಹೌದು.

ಆಶುರಚನೆಯ ಸ್ವರೂಪ

ಆಶುಸಂಗೀತವೆಂದರೆ ಯಾವ ಸಿದ್ಧತೆಯೂ ಇಲ್ಲದೆ ಮನಬಂದಂತೆ ಹಾಡುವುದಲ್ಲ. ಕಲಾವಿದ ಮೊದಲೇ ನಿಗದಿಯಾದ ಒಂದು ಚೌಕಟ್ಟಿನೊಳಗೆ, ತಾನು ಹಿಂದೆ ಕಲಿತ ಅಪಾರ ಸಾಮಗ್ರಿಯಿಂದ ಆ ಕ್ಷಣಕ್ಕೆ ಬೇಕಾದುದನ್ನು ಆರಿಸಿ ಜೋಡಿಸುತ್ತಾನೆ. ಲಾವಣಿಕಾರನಿಗೆ ಧಾಟಿ, ಪ್ರಾಸ ಮತ್ತು ಪುರಾಣಜ್ಞಾನ ಈ ಚೌಕಟ್ಟಾದರೆ, ಹಿಂದುಸ್ತಾನಿ ಗಾಯಕನಿಗೆ ರಾಗ ಮತ್ತು ತಾಳ, ಜಾಝ್ ವಾದಕನಿಗೆ ಸ್ವರಮೇಳಗಳ ಸರಣಿ ಮತ್ತು ಲಯ.

ಚೌಕಟ್ಟು ಕೇಳುಗರಿಗೂ ತಿಳಿದಿರುವುದರಿಂದಲೇ ಆಶುರಚನೆಯ ರೋಮಾಂಚನ ಹುಟ್ಟುತ್ತದೆ. ಇದಕ್ಕೆ ತಿಹಾಯಿ ಒಳ್ಳೆಯ ಉದಾಹರಣೆ. ಒಂದು ಲಯಖಂಡವನ್ನು ಮೂರು ಬಾರಿ ನುಡಿಸಿ, ಅದರ ಕೊನೆಯ ಪೆಟ್ಟು ತಾಳದ ಮೊದಲ ಮಾತ್ರೆಯಾದ 'ಸಮ್' ಮೇಲೆ ಬೀಳುವಂತೆ ಮಾಡುವುದು ತಿಹಾಯಿ. 16 ಮಾತ್ರೆಗಳ ತೀನ್‌ತಾಳದಲ್ಲಿ 5 ಮಾತ್ರೆಗಳ ಖಂಡವನ್ನು ಸಮ್‌ನಿಂದ ಆರಂಭಿಸಿ, ನಡುವೆ ಒಂದೊಂದು ಮಾತ್ರೆಯ ವಿರಾಮ ಕೊಟ್ಟು ಮೂರು ಸಲ ನುಡಿಸಿದರೆ 5+1+5+1+5, ಅಂದರೆ ಒಟ್ಟು 17 ಮಾತ್ರೆಗಳಾಗುತ್ತವೆ. ಹದಿನೇಳನೆಯದು ಮುಂದಿನ ಆವರ್ತನದ ಸಮ್ ಆಗಿರುತ್ತದೆ. ತಾಳವನ್ನು ಬೆರಳಿನಲ್ಲಿ ಎಣಿಸುತ್ತ ಕುಳಿತ ರಸಿಕನಿಗೆ, ಖಂಡ ಎರಡನೆಯ ಬಾರಿ ಬಂದಾಗಲೇ ಅದು ಎಲ್ಲಿ ಮುಗಿಯಬೇಕೆಂಬುದು ಹೊಳೆಯುತ್ತದೆ. ಅಲ್ಲಿಯೇ ಮುಗಿದಾಗ ಸಭೆಯೆಲ್ಲ ಒಮ್ಮೆಲೇ 'ವಾಹ್' ಎನ್ನುತ್ತದೆ.

ಹಾವೇರಿ ಸೀಮೆಯ ಜಾನಪದದಲ್ಲಿ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆದ್ದರಿಂದ ಇಲ್ಲಿನ ಸಂಗೀತ ಪರಂಪರೆ ಹಳೆಯ ಧಾರವಾಡ ಸೀಮೆಯ ಪರಂಪರೆಯೊಡನೆ ಬೆಸೆದುಕೊಂಡಿದೆ. ಜಾತ್ರೆ, ಉರುಸು ಹಾಗೂ ಹಬ್ಬಗಳ ಸಂದರ್ಭದಲ್ಲಿ ರಾತ್ರಿಯಿಡೀ ಹಾಡುವ ಪದ್ಧತಿ ಉತ್ತರ ಕರ್ನಾಟಕದಲ್ಲೆಲ್ಲ ರೂಢಿಯಲ್ಲಿದೆ.

ಗೀಗೀಪದದ ಮೇಳದಲ್ಲಿ ಮುಖ್ಯ ಗಾಯಕ ದಪ್ಪು ಬಾರಿಸುತ್ತ ಹಾಡುತ್ತಾನೆ. ಹಿಮ್ಮೇಳದವರು ತುಂತುಣಿ ಮತ್ತು ತಾಳಗಳೊಂದಿಗೆ 'ಗೀ ಗೀ' ಎಂಬ ಸೊಲ್ಲನ್ನು ಎತ್ತಿ ಪಲ್ಲವಿಯನ್ನು ಪುನರಾವರ್ತಿಸುತ್ತಾರೆ. ಪ್ರಕಾರಕ್ಕೆ ಈ ಹೆಸರು ಬಂದದ್ದು ಆ ಸೊಲ್ಲಿನಿಂದ. ಹಿಮ್ಮೇಳ ಪಲ್ಲವಿಯನ್ನು ಹಿಡಿದಿರುವಷ್ಟು ಹೊತ್ತು ಮುಖ್ಯ ಗಾಯಕನಿಗೆ ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲು ಅವಕಾಶ ದೊರೆಯುತ್ತದೆ.

ವಾದದ ಹಾಡುಗಾರಿಕೆಯಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿ ಮೇಳ ಪುರುಷಪಕ್ಷವನ್ನು, ನಾಗೇಶಿ ಮೇಳ ಸ್ತ್ರೀಪಕ್ಷವನ್ನು ಎತ್ತಿ ಹಿಡಿಯುತ್ತದೆ. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ ತಾತ್ತ್ವಿಕ ಚರ್ಚೆಯಿಂದ ಹಿಡಿದು ಮನೆತನದಲ್ಲಿ ಗಂಡಿನ ಮಾತು ನಡೆಯಬೇಕೋ ಹೆಣ್ಣಿನ ಮಾತು ನಡೆಯಬೇಕೋ ಎಂಬ ಲೌಕಿಕ ಜಗಳದವರೆಗೆ ವಾದ ಹರಡುತ್ತದೆ. ಒಂದು ಮೇಳ ಪುರಾಣದಿಂದ ಒಗಟನ್ನೊಡ್ಡಿದರೆ ಇನ್ನೊಂದು ಮೇಳ ಅದನ್ನು ಬಿಡಿಸಿ, ತಿರುಗಿ ಪ್ರಶ್ನೆ ಹಾಕಬೇಕು. ಇದಕ್ಕೆ ಸಮೀಪವಾದ ಪದ್ಧತಿ ಮಹಾರಾಷ್ಟ್ರದ ಕಲ್ಗಿ-ತುರಾ ಹಾಡುಗಾರಿಕೆಯಲ್ಲಿದೆ. ಹಾಲುಮತ ಪರಂಪರೆಯ ಡೊಳ್ಳಿನ ಪದಗಳಲ್ಲಿಯೂ ಎರಡು ಮೇಳಗಳು ಎದುರುಬದುರಾಗಿ ಹಾಡುವುದುಂಟು.

ಈ ಸೀಮೆಯ ತತ್ತ್ವಪದ ಪರಂಪರೆಗೂ ಆಶುಕವಿತ್ವದ ಹಿನ್ನೆಲೆಯಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಸಂತಕವಿ ಶರೀಫರು (1819–1889) ಕಣ್ಣೆದುರಿನ ವಸ್ತು ಅಥವಾ ಘಟನೆಯನ್ನು ಕಂಡೊಡನೆ ಪದ ಕಟ್ಟಿ ಹಾಡುತ್ತಿದ್ದರೆಂಬ ಪ್ರತೀತಿ ಜನರಲ್ಲಿದೆ. ಅವರ ಪದಗಳು ಏಕತಾರಿ ಮತ್ತು ದಮ್ಮಡಿಯ ಹಾಡುಗಾರಿಕೆಯಿಂದ ಸುಗಮ ಸಂಗೀತಕ್ಕೆ ಬಂದವು; 21ನೆಯ ಶತಮಾನದಲ್ಲಿ ರಘು ದೀಕ್ಷಿತ್ ಅವರ ತಂಡದ ಮೂಲಕ ಗಿಟಾರ್ ಮತ್ತು ಡ್ರಮ್ ಸೆಟ್‌ಗಳೊಡನೆ ರಾಕ್ ವೇದಿಕೆಯನ್ನೂ ಏರಿದವು.

ಹಿಂದುಸ್ತಾನಿ ಸಂಗೀತದಲ್ಲಿ

ಹಿಂದುಸ್ತಾನಿ ಪದ್ಧತಿಯಲ್ಲಿ ಇಬ್ಬರು ಸಮಾನಸ್ಕಂಧ ಕಲಾವಿದರ ಕಛೇರಿಗೆ ಜುಗಲ್‌ಬಂದಿ ಎನ್ನುತ್ತಾರೆ. ಸಿತಾರ್ ಅಥವಾ ಸರೋದ್ ಕಛೇರಿಯ ದ್ರುತ ಲಯದಲ್ಲಿ ವಾದಕನಿಗೂ ತಬಲಾ ವಾದಕನಿಗೂ ನಡೆಯುವ ಸಂವಾದಕ್ಕೆ ಸವಾಲ್-ಜವಾಬ್ ಎಂಬ ಹೆಸರೇ ನಿಂತಿದೆ. ಸಾಮಾನ್ಯವಾಗಿ ಇದು ದೀರ್ಘ ಖಂಡಗಳಿಂದ ಆರಂಭವಾಗುತ್ತದೆ. 16 ಮಾತ್ರೆಗಳ ಪ್ರಶ್ನೆಗೆ 16 ಮಾತ್ರೆಗಳ ಉತ್ತರ, ಅನಂತರ 8, 4, 2 ಎಂದು ಕಡಿಮೆಯಾಗುತ್ತ ಬಂದು, ಕೊನೆಗೆ ಇಬ್ಬರೂ ಒಟ್ಟಿಗೆ ನುಡಿಸಿ ಸಮ್‌ಗೆ ಬರುತ್ತಾರೆ. ಕರ್ನಾಟಕ ಸಂಗೀತದ ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರಗಳ ನಡುವೆಯೂ ಹೀಗೆ ಕುಗ್ಗುತ್ತ ಹೋಗುವ ವಿನಿಮಯವಿದೆ.

ಹಾವೇರಿ ಜಿಲ್ಲೆಯ ಜನರಲ್ಲಿ ಶಾಸ್ತ್ರೀಯ ಸಂಗೀತದ ಒಲವು ಬೆಳೆಯಲು ಮಠಗಳ ಮತ್ತು ಗವಾಯಿಗಳ ಪಾತ್ರ ದೊಡ್ಡದು. ಹಾನಗಲ್ಲಿನ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದವರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಪ್ರತಿಭೆಯನ್ನು ಗುರುತಿಸಿ ಅವರು ಸಂಗೀತ ಶಿಕ್ಷಣಕ್ಕೆ ಆಶ್ರಯ ನೀಡಿದರು. ಆ ಬಾಲಕನೇ ಮುಂದೆ ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆದ ಪಂಚಾಕ್ಷರಿ ಗವಾಯಿಗಳು (1892–1944). ಅವರು ಊರೂರು ತಿರುಗುವ ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಅನಂತರ ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರ ಸಾಧನೆಯ ಕೇಂದ್ರವಾಯಿತು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಾನಗಲ್ಲ ತಾಲ್ಲೂಕಿನ ದೇವಗಿರಿಯವರು. ಗಾಯನದ ಜೊತೆಗೆ ಹಲವು ವಾದ್ಯಗಳಲ್ಲಿ ಪರಿಣತರಾಗಿದ್ದ ಅವರಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ಆಶ್ರಮದಲ್ಲಿ ಕಲಿತವರು ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ತಬಲಾ ಮತ್ತು ಹಾರ್ಮೋನಿಯಂ ವಾದಕರಾಗಿ ನೆಲೆಸಿದ್ದರಿಂದ ರಾಗ-ತಾಳಗಳ ಪರಿಚಯ ಹಳ್ಳಿಯ ಭಜನಾ ಮೇಳಗಳವರೆಗೆ ತಲುಪಿತು.

ಜಾಝ್ ಮತ್ತು ರಾಕ್ ಸಂಗೀತದಲ್ಲಿ

ಜಾಝ್ ಸಂಗೀತವು ಅಮೆರಿಕದ ಆಫ್ರಿಕನ್ ಮೂಲದ ಜನಸಮುದಾಯಗಳಲ್ಲಿ ರೂಪುಗೊಂಡಿತು. ಒಬ್ಬರು ಕರೆದು ಸಮೂಹ ಓಗೊಡುವ ಹಾಡುಗಾರಿಕೆ ಅದರ ಬೇರುಗಳಲ್ಲಿದೆ. ಜಾಝ್ ವಾದಕರು ನಾಲ್ಕು ನಾಲ್ಕು ಬಾರ್‌ಗಳಂತೆ ಸರದಿಯಲ್ಲಿ ನುಡಿಸುವ ಪದ್ಧತಿ ಸವಾಲ್-ಜವಾಬ್‌ಗೆ ಬಹಳ ಹತ್ತಿರವಾದುದು. ಒಂದು ಬಾರ್‌ಗೆ 4 ಎಣಿಕೆಗಳಿದ್ದಲ್ಲಿ ನಾಲ್ಕು ಬಾರ್‌ಗಳೆಂದರೆ 16 ಎಣಿಕೆಗಳು. ಇದು ತೀನ್‌ತಾಳದ ಒಂದು ಆವರ್ತನದಷ್ಟೇ ಆಗುತ್ತದೆ. ಹನ್ನೆರಡು ಬಾರ್‌ಗಳ ಬ್ಲೂಸ್ ರಚನೆಯ 48 ಎಣಿಕೆಗಳು ಮೂರು ಆವರ್ತನಗಳಿಗೆ ಸಮ. ಆದರೆ ಜಾಝ್‌ನಲ್ಲಿ ಸ್ವರಮೇಳಗಳು ಬದಲಾಗುತ್ತ ಹೋಗುತ್ತವೆ. ರಾಗಸಂಗೀತದಲ್ಲಿ ಆಧಾರಷಡ್ಜ ಸ್ಥಿರವಾಗಿರುತ್ತದೆ. ಇಬ್ಬರೂ ಒಂದೇ ವೇದಿಕೆಗೆ ಬಂದಾಗ ಲಯದಲ್ಲಿ ಬೇಗ ಹೊಂದಿಕೊಳ್ಳುವುದಕ್ಕೂ ಸ್ವರದಲ್ಲಿ ಎಚ್ಚರಿಕೆ ವಹಿಸುವುದಕ್ಕೂ ಇದೇ ಕಾರಣ.

1970ರ ಸುಮಾರಿಗೆ ಜಾಝ್‌ನ ಆಶುರಚನೆ ಮತ್ತು ರಾಕ್‌ನ ವಿದ್ಯುತ್ ವಾದ್ಯಗಳು ಒಂದಾಗತೊಡಗಿದವು. ಅದೇ ವರ್ಷ ಹೊರಬಂದ ಮೈಲ್ಸ್ ಡೇವಿಸ್ ಅವರ 'ಬಿಚಸ್ ಬ್ರೂ' ಈ ದಿಕ್ಕಿನ ಪ್ರಮುಖ ಧ್ವನಿಮುದ್ರಿಕೆ. ಅದರಲ್ಲಿ ಗಿಟಾರ್ ನುಡಿಸಿದ್ದ ಜಾನ್ ಮೆಕ್‌ಲಾಫ್ಲಿನ್ ಅವರು ಎಲ್. ಶಂಕರ್, ಜಾಕಿರ್ ಹುಸೇನ್ ಮತ್ತು ಟಿ. ಎಚ್. ವಿನಾಯಕರಾಮ್ ಅವರೊಡನೆ 'ಶಕ್ತಿ' ತಂಡವನ್ನು ಕಟ್ಟಿದರು. ಆ ತಂಡದ ಮೊದಲ ಧ್ವನಿಮುದ್ರಿಕೆ 1975ರ ನೇರ ಪ್ರದರ್ಶನವೊಂದರಿಂದ ಸಿದ್ಧವಾದುದು.

ಕರ್ನಾಟಕದಲ್ಲಿ ಜಾಝ್-ರಾಕ್ ಸಂಗಮ

ಕರ್ನಾಟಕದಲ್ಲಿ ಇಂತಹ ಸಂಗಮಕ್ಕೆ ಮುಖ್ಯ ನೆಲೆಯಾದುದು ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಆರಂಭವಾದ 'ಎಂಬ್ರಿಯೋ' ಎಂಬ ಜಾಝ್-ರಾಕ್ ತಂಡ 1970ರ ದಶಕದ ಕೊನೆಯಲ್ಲಿ ಭೂಮಾರ್ಗವಾಗಿ ಬಸ್ಸಿನಲ್ಲಿ ಭಾರತಕ್ಕೆ ಬಂದಿತು. ಈ ತಂಡ ಮತ್ತು ಕಾಲೇಜಿನ ಕಲಾವಿದರು ಜೊತೆಗೂಡಿ ನುಡಿಸಿದರು. ಎಂಬ್ರಿಯೋದೊಡನೆ ಹಿಂದೆ ನುಡಿಸಿದ್ದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ (1923–2009) ದಕ್ಷಿಣ ಭಾರತದ ನಾಗಸ್ವರವನ್ನೂ ಅಭ್ಯಾಸ ಮಾಡಿದ್ದರು. ಅವರು ಈ ಕಾಲೇಜಿನ ತಂಡದೊಂದಿಗೆ ಮಾಡಿದ 'ಜ್ಯೋತಿ' ಧ್ವನಿಮುದ್ರಿಕೆ 1983ರದು. ಅದರಲ್ಲಿ ಗಾಯಕಿ ಆರ್. ಎ. ರಮಾಮಣಿ ಅವರ ಕಂಠ ಮತ್ತು ಸ್ಯಾಕ್ಸೋಫೋನ್‌ಗಳ ನಡುವೆ ಸಂವಾದ ನಡೆಯುತ್ತದೆ. ಮೃದಂಗ, ಘಟ, ಮೋರ್ಸಿಂಗ್, ಖಂಜಿರ ಹಾಗೂ ಕೊನ್ನಕ್ಕೋಲ್ ಅದಕ್ಕೆ ಲಯದ ಆಧಾರವಾಗಿವೆ.

ರಾಕ್ ತಂಡದ ಡ್ರಮ್ ವಾದಕರಾಗಿದ್ದ ರಮೇಶ್ ಶೋಥಮ್ ಅವರು ಇದೇ ಕಾಲೇಜಿನಲ್ಲಿ ತವಿಲ್ ಕಲಿತು, ಮುಂದೆ ಜರ್ಮನಿಯಲ್ಲಿ ನೆಲೆಸಿ ಜಾಝ್ ಕಲಾವಿದರೊಂದಿಗೆ ನುಡಿಸಿದರು. ಹೊರಗಿನವರು ಇಲ್ಲಿನ ತಾಳವನ್ನು ಅಲಂಕಾರಕ್ಕಾಗಿ ಬಳಸಿಕೊಳ್ಳದೆ ಅದನ್ನು ಕಲಿತು ಉತ್ತರಿಸಿದ್ದು, ಇಲ್ಲಿನವರು ತಮ್ಮ ಪದ್ಧತಿಯನ್ನು ಬಿಟ್ಟುಕೊಡದೆ ಹೊಸ ಪ್ರಶ್ನೆಗಳಿಗೆ ಎದೆಗೊಟ್ಟದ್ದು ಈ ಸಹಯೋಗಗಳ ವೈಶಿಷ್ಟ್ಯ.

ರಸಿಕರ ಪಾತ್ರ

ಸವಾಲ್-ಜವಾಬ್‌ನಲ್ಲಿ ತೀರ್ಪು ಕೊಡುವವರು ಕೇಳುಗರು. ಲಾವಣಿಯ ವಾದದಲ್ಲಿ ಉತ್ತರ ಸರಿಹೋಯಿತೇ ಎಂಬುದನ್ನು ನಿರ್ಣಯಿಸಲು ಪುರಾಣದ ಕತೆ ಗೊತ್ತಿರಬೇಕು. ಪ್ರಾಸ ತಪ್ಪಿದರೆ ಕಿವಿಗೆ ತಿಳಿಯಬೇಕು. ಮೆಚ್ಚಿದವರು 'ಭಲೇ', 'ಶಾಬಾಸ್' ಎಂದು ಕೂಗುತ್ತಾರೆ, ಮೇಳಕ್ಕೆ ಹಣ ಕೊಡುತ್ತಾರೆ; ಕೊಟ್ಟವರ ಹೆಸರನ್ನು ಗಾಯಕರು ಹಾಡಿನ ನಡುವೆಯೇ ಸೇರಿಸಿ ಹೇಳುವುದೂ ಉಂಟು. ಹೀಗೆ ಕೇಳುಗನ ಹೆಸರೇ ಆ ರಾತ್ರಿಯ ರಚನೆಯ ಭಾಗವಾಗುತ್ತದೆ.

ಅಭಿಮಾನಿಗಳು ಒಂದೇ ತಂಡವನ್ನು ಮತ್ತೆ ಮತ್ತೆ ಕೇಳಲು ಹೋಗುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಹಾಡು ಅದೇ ಇರಬಹುದು, ಉತ್ತರ ಅದೇ ಇರುವುದಿಲ್ಲ. ಕಲಾವಿದ ಎಡವಬಹುದೆಂಬ ಸಾಧ್ಯತೆ ಸದಾ ಇರುವುದರಿಂದ ಅವನು ಗೆದ್ದಾಗ ಕೇಳುಗರಿಗೆ ತಾವೇ ಗೆದ್ದಷ್ಟು ಸಂತೋಷವಾಗುತ್ತದೆ.

ಧ್ವನಿಮುದ್ರಣ ಮತ್ತು ಉಳಿವು

ಆಶುಸಂಗೀತ ನಡೆದ ರಾತ್ರಿಯೇ ಮುಗಿದುಹೋಗುವಂಥದು. ಅದನ್ನು ಉಳಿಸಿಕೊಳ್ಳುವ ಹಂಬಲವನ್ನು ಜಗತ್ತಿನ ಬೇರೆ ಬೇರೆ ಕಡೆಯ ಅಭಿಮಾನಿಗಳಲ್ಲಿ ಕಾಣಬಹುದು. ಅಮೆರಿಕದ ರಾಕ್ ತಂಡ 'ಗ್ರೇಟ್‌ಫುಲ್ ಡೆಡ್' ತನ್ನ ಕಾರ್ಯಕ್ರಮಗಳನ್ನು ಕೇಳುಗರು ಧ್ವನಿಮುದ್ರಿಸಿಕೊಳ್ಳಲು ಅವಕಾಶ ಕೊಟ್ಟು, 1984ರಿಂದ ಅವರಿಗಾಗಿ ಪ್ರತ್ಯೇಕ ಜಾಗವನ್ನೇ ಮೀಸಲಿಟ್ಟಿತು. ಜಾಝ್ ಸ್ಯಾಕ್ಸೋಫೋನ್ ವಾದಕ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ 1990ರ ಮಾರ್ಚ್ 29ರಂದು ಆ ತಂಡದೊಡನೆ ನುಡಿಸಿದ ಕಾರ್ಯಕ್ರಮ ಅಭಿಮಾನಿಗಳ ನೆನಪಿನಲ್ಲಿ ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, 2014ರಲ್ಲಿ ಅದು ಪೂರ್ಣರೂಪದಲ್ಲಿ ಪ್ರಕಟವಾಯಿತು. ಉತ್ತರ ಕರ್ನಾಟಕದಲ್ಲಿ ಲಾವಣಿ, ಗೀಗೀ ಮತ್ತು ಭಜನಾಪದಗಳು ಕ್ಯಾಸೆಟ್‌ಗಳ ಮೂಲಕ ಹಳ್ಳಿಹಳ್ಳಿಗೆ ಹರಡಿದವು. ಈಗ ಮೊಬೈಲ್ ಫೋನ್ ಆ ಕೆಲಸವನ್ನು ಮಾಡುತ್ತಿದೆ.

ಆದರೆ ಧ್ವನಿಮುದ್ರಣದಿಂದ ಒಂದು ತೊಡಕೂ ಇದೆ. ಒಂದು ರಾತ್ರಿ ಹೊಳೆದ ಉತ್ತರವನ್ನು ಎಲ್ಲರೂ ಬಾಯಿಪಾಠ ಮಾಡಿದ ಮೇಲೆ ಅದು ಉತ್ತರವಾಗಿ ಉಳಿಯದೆ ಸಿದ್ಧಗೀತೆಯಾಗುತ್ತದೆ. ಗಾಯಕನಿಂದಲೂ ಜನ ಅದನ್ನೇ ಅಪೇಕ್ಷಿಸುತ್ತಾರೆ. ಕೆಲವೇ ನಿಮಿಷಗಳ ತುಣುಕುಗಳಲ್ಲಿ ಗೆದ್ದ ಮಾತು ಮಾತ್ರ ಉಳಿದು, ಅದಕ್ಕೆ ಕಾರಣವಾದ ಪ್ರಶ್ನೆ ಬಿಟ್ಟುಹೋಗುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಜಾನಪದ ಕಲೆಗಳ ಅಧ್ಯಯನಕ್ಕೆ ಮೀಸಲಾದ ಸಂಸ್ಥೆ. ಸವಾಲ್-ಜವಾಬ್‌ನಂತಹ ಪ್ರಕಾರದ ದಾಖಲಾತಿಯಲ್ಲಿ ಹಾಡಿನ ಪಠ್ಯದಷ್ಟೇ ಮುಖ್ಯವಾದವು ಎದುರು ಮೇಳದ ಪ್ರಶ್ನೆ, ಉತ್ತರಕ್ಕೆ ಹಿಡಿದ ಸಮಯ ಮತ್ತು ಸಭೆಯ ಪ್ರತಿಕ್ರಿಯೆ. ಹಾಡುವವರನ್ನು ತರಬೇತಿಗೊಳಿಸಬಹುದು, ಆದರೆ ಎಣಿಸುತ್ತ, ಅರ್ಥ ಮಾಡಿಕೊಳ್ಳುತ್ತ ರಾತ್ರಿಯಿಡೀ ಕೂರುವ ಕೇಳುಗರಿಲ್ಲದಿದ್ದರೆ ಸವಾಲಿಗೂ ಜವಾಬಿಗೂ ಬೆಲೆ ಕಟ್ಟುವವರು ಇರುವುದಿಲ್ಲ.

ಇವನ್ನೂ ನೋಡಿ

ಲಾವಣಿ
ಗೀಗೀಪದ
ಜುಗಲ್‌ಬಂದಿ
ತನಿ ಆವರ್ತನ
ಶಿಶುನಾಳ ಶರೀಫ
ವೀರೇಶ್ವರ ಪುಣ್ಯಾಶ್ರಮ
ಜಾಝ್